ನೀರು ಸಾಕಿದವನು

ಗಡಿಯಾರ ರಿಪೇರಿಯವನ ಮನೆಯ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರಿತ್ತು, ಕಲ್ಲುಗಳಿದ್ದವು, ಗುಳುಗುಳು ಅನ್ನುವ ಪಂಪಿತ್ತು, ಕೊಳೆಯಲೆಂದೇ ಹಾಕಿದ ಒಂದು ಸಿಗಡಿಯೂ ಇತ್ತು. ಮೀನೊಂದು ಮಾತ್ರ ಇರಲಿಲ್ಲ.

ಸಮುದ್ರದ ಮೀನು ಸಾಕುವುದೆಂದರೆ ಹಾಗೆಯೇ. ಮೊದಲು ಸಿಗಡಿ ಕೊಳೆತು ನೀರು ವಿಷವಾಗಬೇಕು. ಆ ವಿಷ ತಿನ್ನುವ ಸೂಕ್ಷ್ಮಜೀವಿಗಳು ಬಂದು ಕಲ್ಲುಗಳಲ್ಲಿ ಮನೆಮಾಡಬೇಕು. ಮೀನು ಆಮೇಲೆ. ಬಿತ್ತಿದವನು ಮೊಳಕೆಗೆ ಕಾಯುವಂತೆ ಅವನು ವಾರಗಟ್ಟಲೆ ಕಾದ. ಎದ್ದದ್ದು ಮೊಳಕೆಯಲ್ಲ, ನಾತ.

"ಜನ ನಾಯಿ ಸಾಕ್ತಾರೆ, ಬೆಕ್ಕು ಸಾಕ್ತಾರೆ. ನಿನ್ನ ಗಂಡ ನೀರು ಸಾಕ್ತಿದಾನಲ್ಲೇ!" ಎಂದು ಎದುರುಮನೆಯ ಅಕ್ಕ ದಿನಾ ಮೂಗು ಮುಚ್ಚಿಕೊಂಡು ಬಂದು, ಕಣ್ತುಂಬ ನೋಡಿ ಹೋಗುತ್ತಿದ್ದಳು.

ತೊಟ್ಟಿಗೆ ಜಾಗ ಬಿಟ್ಟುಕೊಟ್ಟ ಹೆಂಡತಿಯ ಹೊಲಿಗೆ ಮಿಷನ್ ಅಡುಗೆಮನೆ ಸೇರಿತ್ತು. ಗಿರಾಕಿಗಳ ಹೊಸ ಬಟ್ಟೆಗಳೆಲ್ಲ ಬೆಳ್ಳುಳ್ಳಿ ವಾಸನೆ ಹೊಡೆಯತೊಡಗಿದಾಗ ಅವಳ ತಾಳ್ಮೆ ಮುಗಿಯಿತು.

"ಭಾನುವಾರ ದೀಪ ಹಾಕೋದ್ರೊಳಗೆ ತೊಟ್ಟೀಲಿ ನನ್ನ ಕಣ್ಣಿಗೆ ಮೀನು ಕಾಣಬೇಕು ರೀ. ಇಲ್ಲಾಂದ್ರೆ ತೊಟ್ಟಿ ಹೊರಗೆ, ಮಿಷನ್ ಒಳಗೆ."

ಭಾನುವಾರ ಬೆಳಿಗ್ಗೆ ತೊಟ್ಟಿಯ ನೀರು ಪರೀಕ್ಷಿಸುವ ನಳಿಕೆಯಲ್ಲಿ ವಿಷದ ಬಣ್ಣ ಕಾಣಲಿಲ್ಲ. ನೀರು ಪಾಸಾಗಿತ್ತು! ಹೆಂಡತಿ ಗಿರಾಕಿಗಳ ಮನೆಗೆ ಬಟ್ಟೆ ಕೊಡಲು ಹೋಗಿದ್ದಳು. ಅವನು ಅಂಗಡಿಗೆ ಓಡಿ, ಕಿತ್ತಳೆ ಬಣ್ಣದ ಒಂದು ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕೊಂಡ. ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರು ಎದುರಾಗಿ ಸ್ಕೂಟರಿಗೆ ಹತ್ತಿಸಿಕೊಂಡರು. ದಾರಿಯ ಹೊಂಡಗಳಲ್ಲಿ ಒಂದನ್ನೂ ಅವರು ಬಿಡಲಿಲ್ಲ. ಚೀಲ ಸೋರತೊಡಗಿತು. ತೂತಿಗೆ ಹೆಬ್ಬೆಟ್ಟು ಒತ್ತಿಕೊಂಡೇ ಮನೆ ಮುಟ್ಟಿ, ತೊಟ್ಟಿಯ ನೀರನ್ನು ಚಮಚ ಚಮಚವಾಗಿ ಬೆರೆಸಿ ಒಗ್ಗಿಸಿ, ಹೊಸ ಅಳಿಯನನ್ನು ಒಳಗೆ ಕರೆಯುವಷ್ಟು ಮರ್ಯಾದೆಯಿಂದ ಮೀನನ್ನು ತೊಟ್ಟಿಗೆ ಬಿಟ್ಟ.

ಮೀನು ಒಮ್ಮೆ ಬಾಲ ಆಡಿಸಿತು. ಸರಕ್ಕನೆ ಕಲ್ಲಿನ ಪೊಟರೆ ಹೊಕ್ಕಿತು. ಮತ್ತೆ ಹೊರಬರಲಿಲ್ಲ.

ಸಂಜೆ ಹೆಡ್‌ಮಾಸ್ತರು ಮೀನು ನೋಡಲು ಬಂದು ಕೂತಿದ್ದಾಗ ಹೆಂಡತಿ ಅಕ್ಕನ ಜೊತೆ ಬಂದಳು. ಇಣುಕಿದಳು. "ಎಲ್ಲಿ?"

"ಕಲ್ಲೊಳಗಿದೆ ಕಣೇ. ಹೊಸ ಜಾಗ, ನಾಚಿಕೆ."

"ಮದುವೆಯಾದಾಗ ನನಗೂ ಇಷ್ಟು ನಾಚಿಕೆ ಇರಲಿಲ್ಲ. ಮೇಷ್ಟ್ರೇ, ನೀವು ನೋಡಿದ್ರಾ?"

"ಚೀಲದಲ್ಲಿ ಏನೋ ಇತ್ತಮ್ಮ. ಕನ್ನಡಕ ಹಾಕಿರಲಿಲ್ಲ. ಕಾಣದ್ದನ್ನ ಕಂಡೆ ಅನ್ನೋ ಅಭ್ಯಾಸ ನನಗಿಲ್ಲ," ಎಂದರು ಹೆಡ್‌ಮಾಸ್ತರು. ಸ್ಕೂಟರ್ ಓಡಿಸಿದ್ದೂ ಕನ್ನಡಕವಿಲ್ಲದೆಯೇ ಎಂದು ಹೊಳೆದು ಗಡಿಯಾರದವನ ಬೆನ್ನು ತಣ್ಣಗಾಯಿತು.

ಬೀದಿದೀಪ ಹತ್ತಿತು, ಗಡುವು ಮುಗಿಯಿತು. ತೊಟ್ಟಿ ಹೊರಗೆ ಹಾಕುವ ಪರೋಪಕಾರಕ್ಕೆ ನೆರೆಹೊರೆ ಟೊಂಕ ಕಟ್ಟಿತು. ಹೆಡ್‌ಮಾಸ್ತರು ಪೈಪು ಇಳಿಬಿಟ್ಟು ನೀರನ್ನು ಮೋರಿಗೆ ಹರಿಸತೊಡಗಿದರು. ಅಕ್ಕ ಕಲ್ಲುಗಳನ್ನು ಒಂದೊಂದಾಗಿ ಅಂಗಳಕ್ಕೆ ಒಯ್ದು ಸೋಪಿನ ಪುಡಿ ಹಾಕಿ ತಿಕ್ಕತೊಡಗಿದಳು.

"ಅಕ್ಕಾ, ಸೋಪು ಬೇಡ! ಆ ಕಲ್ಲಲ್ಲಿ ಜೀವ ಇದೆ!"

"ಅದಕ್ಕೇ ಕಣಯ್ಯಾ ತಿಕ್ತಿರೋದು."

ತಳದಲ್ಲಿ ನಾಲ್ಕು ಬೆರಳಿನಷ್ಟು ನೀರು, ಒಂದೇ ಕಲ್ಲು ಉಳಿದಿತ್ತು. ಹೆಂಡತಿ ಅದನ್ನೆತ್ತಿದಳು. ಕಿತ್ತಳೆ ಬಣ್ಣದ ಮೀನು ಪೊಟರೆಯಿಂದ ಜಾರಿ, ಯಾರು ನನ್ನನ್ನು ಎಬ್ಬಿಸಿದ್ದು ಎಂಬಂತೆ ಎಲ್ಲರನ್ನೂ ದುರುಗುಟ್ಟಿ ನೋಡಿತು.

"ಅಯ್ಯೋ, ಇದೆ ರೀ!" ಹೆಂಡತಿಯ ಮುಖ ಅರಳಿತು. ಮೀನಿನ ಸಮೇತ ಉಳಿದ ನೀರನ್ನು ತಾನೇ ಬಕೆಟ್ಟಿಗೆ ಮೊಗೆದಳು. "ಎಷ್ಟು ಮುದ್ದಾಗಿದೆ! ನಾನು ಆಡಿದ ಮಾತು ತಪ್ಪೋಳಲ್ಲ. ತೊಟ್ಟಿ ಇಲ್ಲೇ ಇರಲಿ."

"ನಾವು ಖಾಲಿ ಮಾಡಿದ್ದಕ್ಕೇ ಸಿಕ್ಕಿದ್ದು," ಎಂದು ಹೆಡ್‌ಮಾಸ್ತರು ಪೈಪು ಸುತ್ತಿಕೊಂಡರು.

ಗಡಿಯಾರದವನು ಬರಿದಾದ ತೊಟ್ಟಿಯನ್ನೂ, ಅಂಗಳದಲ್ಲಿ ಮಲ್ಲಿಗೆ ಸೋಪಿನಿಂದ ಘಮಘಮಿಸುತ್ತಿದ್ದ ಕಲ್ಲುಗಳನ್ನೂ ನೋಡಿದ. ಚಪ್ಪಲಿ ಮೆಟ್ಟಿದ.

"ಮೀನು ಸಿಕ್ತಲ್ಲ, ಮತ್ತೆಲ್ಲಿಗೆ ರೀ?"

"ಸಿಗಡಿ ತರೋಕೆ."