ಅತ್ತೆಯ ತಲೆಗಿಳಿದ ಹಾರ್ಡ್‌ವೇರ್

ಅರಸೀಕೆರೆಯ ಪಾಲಾಕ್ಷಯ್ಯನವರು ಹೊಸ ಯಂತ್ರ ಮಾಡಿದ್ದಾರೆಂದು ಗೊತ್ತಾದರೆ ಸಾಕು, ಅಕ್ಕಪಕ್ಕದವರು ಒಣಹಾಕಿದ ಬಟ್ಟೆಯನ್ನು ಒಳಗೆ ತೆಗೆದುಕೊಂಡು ಹೋಗಿಬಿಡುತ್ತಾರೆ. ಹೋದ ಸಲ ಅವರ ಮುದ್ದೆ ತಿರುವುವ ಯಂತ್ರ ಎಸೆದ ಮುದ್ದೆಯನ್ನು ಎದುರುಮನೆಯ ಸೂರಿನಿಂದ ಬಿಡಿಸಲು ಏಣಿ ಹಾಕಬೇಕಾಗಿತ್ತು. ಆದರೆ ಈ ಸಲ ಸೊಸೆ ವನಜಾಕ್ಷಿ ತಾನಾಗಿಯೇ ಹೋಗಿ ಯಂತ್ರದ ಮುಂದೆ ಕೂತಳು. ಪಾಪ, ಅವಳ ಗತಿ ಹಾಗಿತ್ತು. ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅವಳದು ತಾತ್ಕಾಲಿಕ ಕೆಲಸ. ಹಾರ್ಡ್‌ವೇರ್ ಸರ್ಟಿಫಿಕೇಟ್ ಪರೀಕ್ಷೆ ಪಾಸಾದರೆ ಕಾಯಂ, ಇಲ್ಲದಿದ್ದರೆ ಮನೆ ದಾರಿ ಎಂದು ಪ್ರಿನ್ಸಿಪಾಲರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಎರಡು ಸಲ ಡುಮ್ಕಿ ಹೊಡೆದಾಗಿತ್ತು. ನಾಳೆ ಸೋಮವಾರ ಕೊನೆಯ ಅವಕಾಶ. ಪುಸ್ತಕವೋ ದಿಂಬಿನಷ್ಟು ದಪ್ಪ, ಮದರ್‌ಬೋರ್ಡಿನ ಚಿತ್ರ ಬರುವ ಹೊತ್ತಿಗೆ ಅವಳಿಗೆ ಸೊಂಪಾದ ನಿದ್ದೆ ಬಂದುಬಿಡುತ್ತಿತ್ತು.

"ಓದೋದು ಅನ್ನೋದೇ ಹಳೇ ಕಾಲದ್ದು ಕಣಮ್ಮ," ಎಂದರು ಮಾವ, ಮೀಸೆ ತಿರುವುತ್ತ. ಕೆಳಗಿನ ತಟ್ಟೆಯಲ್ಲಿ ಪುಸ್ತಕ ಇಟ್ಟರೆ ಯಂತ್ರ ಅದನ್ನು ತಾನೇ ಓದಿ, ಅಲೆಗಳನ್ನಾಗಿ ಮಾಡಿ, ನೇರ ತಲೆಗೇ ಸುರಿಯುತ್ತದಂತೆ! ಯಾರ ತಲೆ ಎಂದು ಗುರುತಿಸಲು ಮುಂದುಗಡೆ ಒಂದು ಗಾಜಿನ ಕಣ್ಣಿತ್ತು. ಅಲೆ ಚೆಲ್ಲದಿರಲೆಂದು ಸೊಸೆಯ ತಲೆಗೆ ಇಡ್ಲಿ ಪಾತ್ರೆಯನ್ನೂ ಕವುಚಿದರು.

ಅಷ್ಟರಲ್ಲಿ ಅತ್ತೆ ಹಾಲಮ್ಮ ಒಳಗಿಂದ ಬಂದರು. ಇಡ್ಲಿ ಪಾತ್ರೆ ಎತ್ತಿಕೊಂಡು ಬಂದಿದ್ದಕ್ಕೆ ಗಂಡನಿಗೆ ಬೈದರು. ಅದನ್ನು ಹಾಕಿಸಿಕೊಂಡು ಕೂತಿದ್ದಕ್ಕೆ ಸೊಸೆಗೆ ಬೈದರು. ಹೊಸ ವಸ್ತುವಿಗೆ ಪೂಜೆ ಮಾಡದೆ ಸ್ವಿಚ್ ಒತ್ತಲು ಹೊರಟ ಇಬ್ಬರಿಗೂ ಸೇರಿಸಿ ಮತ್ತೊಮ್ಮೆ ಬೈದರು. ಆಮೇಲೆ ಯಂತ್ರಕ್ಕೆ ಅರಿಶಿನ ಬಳಿದು, ಹಣೆಯಂತೆ ಕಂಡ ಜಾಗಕ್ಕೆ ದಪ್ಪಗೆ ಕುಂಕುಮ ಇಟ್ಟರು. ಅದು ಸರಿಯಾಗಿ ಗಾಜಿನ ಕಣ್ಣಿನ ಮೇಲೇ ಕೂತಿತು. ಪಾಲಾಕ್ಷಯ್ಯ ನೋಡಲಿಲ್ಲ, ಸ್ವಿಚ್ ಒತ್ತಿಬಿಟ್ಟರು. ಕಣ್ಣಿನ ತುಂಬ ಕೆಂಪು ತುಂಬಿಕೊಂಡ ಯಂತ್ರ ಕೆಂಪಗಿರುವುದೇ ತಲೆ ಎಂದುಕೊಂಡು ಸುತ್ತ ಹುಡುಕಿತು. ಕರ್ಪೂರ ಬೆಳಗಲು ಬಗ್ಗಿದ್ದ ಹಾಲಮ್ಮನ ಹಣೆಯಲ್ಲಿ ಕಾಸಗಲದ ಕುಂಕುಮ ಸಿಕ್ಕಿತು. ಗುಳುಗುಳು ಸದ್ದಾಯಿತು, ಇಡೀ ಬೀದಿಯ ಫ್ಯಾನುಗಳು ಒಮ್ಮೆ ಉಲ್ಟಾ ತಿರುಗಿ ನಿಂತವು.

"ಹೇಳು ನೋಡೋಣ, ರ‍್ಯಾಮ್ ಅಂದ್ರೇನು?" ಎಂದರು ಮಾವ ಉತ್ಸಾಹದಿಂದ. ವನಜಾಕ್ಷಿ ಇಡ್ಲಿ ಪಾತ್ರೆಯನ್ನು ಹಣೆಯಿಂದ ಮೇಲಕ್ಕೆ ಸರಿಸಿ, ನಂಗಿನ್ನೂ ಏನೂ ಇಳಿದೇ ಇಲ್ಲ ಮಾವ ಎಂದಳು.

ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹಾಲಮ್ಮ ಹೇಳಿದರು: "ಕರೆಂಟ್ ಇರೋವರ್ಗೂ ಜ್ಞಾಪಕ ಇಟ್ಕೊಳತ್ತೆ. ಕರೆಂಟ್ ಹೋದ್ರೆ ಎಲ್ಲಾ ಮರ್ತೋಗುತ್ತೆ, ಥೇಟ್ ನಿಮ್ಮ ಮಾವನ ಥರ."

ವನಜಾಕ್ಷಿ ಗಾಬರಿಯಿಂದ ಪುಸ್ತಕ ತೆರೆದಳು. ಒಂದಕ್ಷರವೂ ಇರಲಿಲ್ಲ. ಯಂತ್ರ ಪುಟಗಳನ್ನು ಬಳಿದು ಬಾಚಿಕೊಂಡುಬಿಟ್ಟಿತ್ತು! ಅವಳಿಗೆ ಅಳುವೇ ಬಂತು. ಕೆಲಸ ಹೋಯಿತೆಂದೇ ಅಂದುಕೊಂಡಳು.

ಹಾಲಮ್ಮನಿಗೆ ಮಾತ್ರ ಎಲ್ಲಿಲ್ಲದ ಹುರುಪು. ಹತ್ತು ಗಂಟೆಗೆ ಮನೆಯ ಟೀವಿ ಬಿಚ್ಚಿ ಹರವಿದರು. ಆಮೇಲೆ ತರಕಾರಿಯವನ ಎಲೆಕ್ಟ್ರಾನಿಕ್ ತಕ್ಕಡಿಯ ಬೆಸುಗೆ ಬಿಟ್ಟಿದೆಯೆಂದು ಪತ್ತೆ ಮಾಡಿ, ಅದು ರಿಪೇರಿಯಾಗುವವರೆಗೆ ಅವನನ್ನು ಜಗಲಿಯಲ್ಲಿ ಕೂರಿಸಿದರು. ಮಧ್ಯಾಹ್ನಕ್ಕೆ ಬೀದಿಯ ಹೆಂಗಸರೆಲ್ಲ ಸತ್ತ ಕಂಪ್ಯೂಟರು, ಕೆಟ್ಟ ಮಿಕ್ಸಿ ಹೊತ್ತುಕೊಂಡು ಸಾಲು ನಿಂತರು. ಹಾಲಮ್ಮ ಎಲ್ಲರಿಗೂ ಬೈದು ಎಲ್ಲವನ್ನೂ ಸರಿ ಮಾಡಿಕೊಟ್ಟರು.

ನನಗೂ ಒಂದಿಷ್ಟು ಹೇಳಿಕೊಡಿ ಅತ್ತೆ ಎಂದು ವನಜಾಕ್ಷಿ ಗೋಗರೆದಳು. ಹೇಳಿಕೊಟ್ಟರು, ಸಾರು ಮಾಡಲು ಹೇಳಿಕೊಟ್ಟ ಹಾಗೆಯೇ. ಸ್ಕ್ರೂಡ್ರೈವರ್ ಹಿಡಿದ ರೀತಿಗೆ ಬೈದರು, ಹಿಡಿಯದಿದ್ದರೆ ಅದಕ್ಕೂ ಬೈದರು. ಸಂಜೆಯ ಹೊತ್ತಿಗೆ ವನಜಾಕ್ಷಿಗೆ ಮೊದಲು ಗೊತ್ತಿದ್ದ ನಾಲ್ಕು ವಿಷಯವೂ ಮರೆತುಹೋಗಿತ್ತು.

ಪಾಲಾಕ್ಷಯ್ಯ ತಲೆ ಕೆರೆದುಕೊಂಡು ಉಪಾಯ ಹೂಡಿದರು. ವೈರು ಅದಲುಬದಲು ಮಾಡಿದರೆ ಆಯಿತು, ಪುಸ್ತಕದ ಬದಲು ಹಾಲಮ್ಮನ ತಲೆಯಿಂದಲೇ ಸೊಸೆಯ ತಲೆಗೆ ಸುರಿಯಬಹುದು! ಈ ಸಲ ಕಣ್ಣನ್ನು ಪಂಚೆಯ ತುದಿಯಿಂದ ಚೆನ್ನಾಗಿ ಒರೆಸಿದರು. ಇಡ್ಲಿ ಪಾತ್ರೆ ಹಾಲಮ್ಮನ ತಲೆಗೇರಿತು. ಯಂತ್ರ ಗುಳುಗುಳು ಎನ್ನುತ್ತ ಬಹಳ ಹೊತ್ತು ನಡೆಯಿತು. ಒಂದು ಪುಸ್ತಕಕ್ಕೆ ಇಷ್ಟು ಹೊತ್ತೇಕೆ ಎಂದು ಮಾವ ಯೋಚಿಸಬೇಕಿತ್ತು, ಯೋಚಿಸಲಿಲ್ಲ. ವನಜಾಕ್ಷಿ ರ‍್ಯಾಮ್, ಪ್ರೊಸೆಸರ್, ಪವರ್ ಸಪ್ಲೈ ಎಲ್ಲವನ್ನೂ ಪಟಪಟನೆ ಒಪ್ಪಿಸಿದಾಗ ಅವರು ಖುಷಿಯಿಂದ ಕುಣಿದೇಬಿಟ್ಟರು.

ಮರುದಿನ ಪರೀಕ್ಷಕರು ಅವಳ ಮುಂದೆ ಒಂದು ಸತ್ತ ಕಂಪ್ಯೂಟರ್ ಇಟ್ಟು, ಏನಾಗಿದೆ ಹೇಳಿ ಎಂದರು. ವನಜಾಕ್ಷಿಯ ಕೈ ಸರಸರನೆ ಮುಚ್ಚಳ ಬಿಚ್ಚಿತು. ಬಾಯಿ ತಾನಾಗಿ ತೆರೆದುಕೊಂಡಿತು.

"ಈ ಫ್ಯಾನ್ ಒರೆಸಿ ಎಷ್ಟು ವರ್ಷ ಆಯ್ತು ರೀ? ನಿಮ್ಮನ್ನ ಹೇಳೋರು ಕೇಳೋರು ಯಾರೂ ಇಲ್ವಾ?"

ವನಜಾಕ್ಷಿಯೇ ಬೆಚ್ಚಿಬಿದ್ದಳು. ಪರೀಕ್ಷಕರು ಸಾರಿ ಅಮ್ಮಾ ಎನ್ನುತ್ತ ಕರ್ಚೀಫ್ ತೆಗೆದು ತಾವೇ ಧೂಳು ಒರೆಸಿದರು. ಸಡಿಲವಾಗಿದ್ದ ರ‍್ಯಾಮನ್ನು ಅವಳು ಒತ್ತಿ ಕೂರಿಸಿದಳು, ಕಂಪ್ಯೂಟರ್ ಎದ್ದು ಕೂತಿತು. ಅವರು ಮುಂದಿನ ಪ್ರಶ್ನೆ ಕೇಳುವ ಮೊದಲೇ ಅವಳು ಉತ್ತರ ಹೇಳಿ, ಕಿತ್ತುಹೋದ ಅಂಗಿ ಗುಂಡಿಯ ಬಗ್ಗೆ ವಿಚಾರಿಸಿ, ಬೆಳಿಗ್ಗೆ ತಿಂಡಿ ತಿನ್ನದೆ ಬಂದಿದ್ದಕ್ಕೆ ತರಾಟೆಗೆ ತೆಗೆದುಕೊಂಡಳು. ಅವರು ಗಡಿಬಿಡಿಯಿಂದ ಪೂರ್ತಿ ಅಂಕ ಹಾಕಿ, ಕೆಲಸ ಕಾಯಂ ಮಾಡಲು ತಾವೇ ಪ್ರಿನ್ಸಿಪಾಲರಿಗೆ ಹೇಳುವುದಾಗಿ ಮಾತು ಕೊಟ್ಟರು.

ವನಜಾಕ್ಷಿ ಹಿಗ್ಗಿನಿಂದ ಮನೆಗೆ ಓಡಿಬಂದಳು. ಹಾಲಮ್ಮ ನಗುತ್ತ ಬಾಗಿಲಿಗೇ ಕಾಫಿ ತಂದರು.

"ದಣಿದಿದ್ದೀಯ, ಕೂತ್ಕೊಳಮ್ಮ. ನೀನು ಹೇಗೆ ಹೇಳಿದ್ರೆ ಹಾಗೆ."

ಮದುವೆಯಾದಂದಿನಿಂದ ಅಂಥ ಮೃದು ದನಿ ಆ ಬಾಯಿಂದ ಬಂದಿದ್ದನ್ನು ಪಾಲಾಕ್ಷಯ್ಯ ಕೇಳಿರಲಿಲ್ಲ. ಮನೆಗೆ ಕೊನೆಗೂ ಶಾಂತಿ ಬಂತೆಂದು ಅವರ ಕಣ್ಣು ತೇವವಾಯಿತು. ವನಜಾಕ್ಷಿ ಅತ್ತೆಯನ್ನು ತಬ್ಬಿಕೊಂಡು ಪಾಸಾದೆ ಎನ್ನಲು ಹೋದಳು.

"ಕಾಫಿಗೆ ಹೀಗಾ ಸಕ್ಕರೆ ಸುರಿಯೋದು? ಮಾವ, ನೀವೇನು ಕಂಬದ ಥರ ನಿಂತಿದ್ದೀರ, ಆ ಇಡ್ಲಿ ಪಾತ್ರೆ ತೊಳೆದಿಡೋಕೆ ಯಾರಾದ್ರೂ ಬರ್ಬೇಕಾ?"

ಪಾಲಾಕ್ಷಯ್ಯ ಪಾತ್ರೆ ಎತ್ತಿಕೊಂಡು ಬಚ್ಚಲಿಗೆ ನಡೆದರು. ಯಂತ್ರದಲ್ಲಿ ದೋಷವೇನೂ ಇಲ್ಲ, ಸಾಗಿಸುವಾಗ ಒಂದು ಬೈಗುಳವೂ ನಷ್ಟವಾಗಿಲ್ಲ ಎಂದು ಅವರು ಪಾತ್ರೆ ತಿಕ್ಕುತ್ತ ಹೇಳಿಕೊಂಡರು.