ಖಾಲಿ ಶೀಟು

ಭೂತಪ್ಪನ ಮಾನ ಹೋದದ್ದು ಡಾಕ್ಟರಮ್ಮ ಮೂರು ತಿಂಗಳ ಹಿಂದೆ ಆಡಿದ ಒಂದು ಸಣ್ಣ ಮಾತಿನಿಂದ. ತೀರ್ಥಹಳ್ಳಿಯ ತಮ್ಮ ಕ್ಲಿನಿಕ್ಕಿನಲ್ಲಿ ಔಷಧದ ಚೀಟಿ ಬರೆದು ಅವನ ಕೈಗೆ ಕೊಡುತ್ತಾ ಅವರು, ಮುಂದಿನ ಸಲ ಬರುವಾಗ ಮಾತ್ರೆಯ ಖಾಲಿ ಶೀಟುಗಳನ್ನು ತಂದು ತೋರಿಸಬೇಕು ಎಂದಿದ್ದರು.

ಆ ಮುಂದಿನ ಸಲ ಇವತ್ತೇ ಬಂದುಬಿಟ್ಟಿತ್ತು. ಬೆಳಗ್ಗೆ ಆರು ಗಂಟೆಗೆ ಭೂತಪ್ಪ ಟ್ರಂಕಿನ ತಳದಲ್ಲಿ ಹಳೆಯ ಪ್ಯಾಂಟುಗಳ ಕೆಳಗೆ ಬಚ್ಚಿಟ್ಟಿದ್ದ ಪ್ಲಾಸ್ಟಿಕ್ ಕವರನ್ನು ಬಿಚ್ಚಿದ. ಹದಿನೆಂಟು ಶೀಟುಗಳಲ್ಲಿ ಖಾಲಿಯಾದದ್ದು ನಾಲ್ಕು. ಉಳಿದ ಹದಿನಾಲ್ಕೂ ದಿಬ್ಬಣಕ್ಕೆ ಹೊರಟವರ ಹಾಗೆ ಮೈತುಂಬ ಮಿಂಚುತ್ತಿದ್ದವು.

ಇದನ್ನು ಬೇರೆ ಯಾರು ಮಾಡಿದ್ದರೂ ಅಷ್ಟು ದೊಡ್ಡ ವಿಷಯವಾಗುತ್ತಿರಲಿಲ್ಲ. ಆದರೆ ಭೂತಪ್ಪ ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಟೈಮ್ ನೋಡುವ ಏಜೆಂಟ್. ಇಪ್ಪತ್ತೆರಡು ವರ್ಷಗಳಿಂದ ಅವನ ಕೈಯಲ್ಲಿ ಒಂದು ಡೈರಿ, ಬಾಯಲ್ಲಿ ಒಂದು ಸೀಟಿ. ಬಸ್ಸು ಎರಡು ನಿಮಿಷ ತಡವಾಗಿ ಬಂದರೂ ಡೈರಿಗೆ ಏರುತ್ತಿತ್ತು. ಟಯರ್ ಪಂಕ್ಚರ್ ಆಯಿತು, ದಾರಿಗೆ ಮರ ಬಿತ್ತು ಎಂದರೂ ಅವನು ಮೊದಲು ಬರೆದುಕೊಂಡು ಆಮೇಲೆ ಅಯ್ಯೋ ಎನ್ನುವವನು. ಪಕ್ಕದ ಮನೆಯ ಗುತ್ಯಮ್ಮ ಬಿ.ಪಿ. ಮಾತ್ರೆಯನ್ನು ಆಗೊಮ್ಮೆ ಈಗೊಮ್ಮೆ ಮರೆಯುತ್ತಾಳೆಂದು ತಿಳಿದಾಗ, ಆಕೆ ತನಗಿಂತ ಹತ್ತು ವರ್ಷ ದೊಡ್ಡವಳೆಂಬುದನ್ನೂ ಲೆಕ್ಕಿಸದೆ, ಮಾತ್ರೆಗೂ ಬಸ್ಸಿಗೂ ಟೈಮೇ ಮುಖ್ಯ ಎಂದು ಅರ್ಧ ಗಂಟೆ ಉಪದೇಶ ಮಾಡಿದ್ದ.

ಅವನ ಪಿತ್ತಕೋಶದಲ್ಲಿ ಸಣ್ಣ ಸಣ್ಣ ಕಲ್ಲುಗಳಿದ್ದವು. ಜೊತೆಗೆ ಲಿವರಿನಲ್ಲೂ ಸ್ವಲ್ಪ ತೊಂದರೆ ಇದೆ ಎಂದು ರಕ್ತಪರೀಕ್ಷೆ ಹೇಳಿತ್ತು. ಡಾಕ್ಟರಮ್ಮ ಮಾತ್ರೆ ಬರೆದು, ಬೆಳಗ್ಗೆ ಒಂದು, ರಾತ್ರಿ ಒಂದು, ಊಟ ತಿಂಡಿ ಆದ ಮೇಲೇ ತೆಗೆದುಕೊಳ್ಳಬೇಕು, ನೋವು ಹೋಯಿತೆಂದು ನಿಲ್ಲಿಸಬಾರದು, ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು ಎಂದು ಬಿಡಿಸಿ ಹೇಳಿದ್ದರು. ಭೂತಪ್ಪ ಎಲ್ಲದಕ್ಕೂ ತಲೆಯಾಡಿಸಿದ್ದ.

ಮೂರು ವಾರದಲ್ಲಿ ನೋವು ಹೋಯಿತು. ಅದೇ ಹೊತ್ತಿಗೆ ಒಬ್ಬ ಡ್ರೈವರ್ ಅವನ ಕೈಯಲ್ಲಿದ್ದ ಶೀಟನ್ನು ನೋಡಿ, ಇದು ಲಿವರಿನ ಮಾತ್ರೆಯಲ್ಲವಾ ಎಂದು ಕೇಳಿಬಿಟ್ಟ. ಬಸ್ ಸ್ಟ್ಯಾಂಡಿನಲ್ಲಿ ಲಿವರ್ ಅಂದರೆ ಬಾಟಲಿ ಎಂದೇ ಅರ್ಥ. ಜೀವಮಾನದಲ್ಲಿ ಮಜ್ಜಿಗೆಗಿಂತ ಗಟ್ಟಿಯಾದದ್ದನ್ನು ಕುಡಿಯದ ಭೂತಪ್ಪ ಆ ದಿನವೇ ಮಾತ್ರೆಗಳನ್ನು ಟ್ರಂಕಿಗೆ ಸೇರಿಸಿದ. ಹೆಂಡತಿ ಜಲಜಮ್ಮನಿಗೆ ಅವನ್ನು ಸ್ಟ್ಯಾಂಡಿನಲ್ಲಿ ಇಟ್ಟುಕೊಂಡಿದ್ದೇನೆ ಎಂದು ಹೇಳಿದ. ಅವಳು ದಿನಾ ಕೇಳುತ್ತಿದ್ದಳು, ಇವನು ದಿನಾ ಹೂಂ ಎನ್ನುತ್ತಿದ್ದ.

ಈಗ ಬೇರೆ ದಾರಿ ಕಾಣಲಿಲ್ಲ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಅವರೆಕಾಳು ಸುಲಿದ ಹಾಗೆ ಹದಿನಾಲ್ಕು ಶೀಟುಗಳ ಮಾತ್ರೆಗಳನ್ನೂ ಬಿಡಿಸಿ ಹಳೆಯ ಪೇಪರಿನಲ್ಲಿ ಪೊಟ್ಟಣ ಕಟ್ಟಿದ. ಹಿತ್ತಲಿಗೆ ಎಸೆದರೆ ಕೋಳಿ ತಿನ್ನುತ್ತವೆ, ಒಲೆಗೆ ಹಾಕೋಣವೆಂದರೆ ಅಲ್ಲಿ ಜಲಜಮ್ಮ ಇದ್ದಾಳೆ. ದಾರಿಯಲ್ಲಿ ಎಲ್ಲಾದರೂ ಎಸೆದರಾಯಿತೆಂದು ಖಾಲಿ ಶೀಟುಗಳ ಕವರಿನ ಜೊತೆ ಪೊಟ್ಟಣವನ್ನೂ ಬ್ಯಾಗಿಗೆ ಹಾಕಿಕೊಂಡ. ಅಷ್ಟರಲ್ಲಿ ಇವತ್ತು ರಕ್ತವನ್ನೂ ಪರೀಕ್ಷೆ ಮಾಡುತ್ತಾರೆ ಎನ್ನುವುದು ನೆನಪಾಯಿತು. ರಕ್ತದಲ್ಲಿ ಮಾತ್ರೆಯ ಗುರುತು ಸ್ವಲ್ಪವಾದರೂ ಇರಲಿ ಎಂದು ಆರು ಮಾತ್ರೆಗಳನ್ನು ಒಟ್ಟಿಗೆ ನುಂಗಿ ನೀರು ಕುಡಿದ. ಸ್ಕ್ಯಾನ್ ಇದ್ದದ್ದರಿಂದ ಹೊಟ್ಟೆ ಖಾಲಿ ಇತ್ತು.

ತೀರ್ಥಹಳ್ಳಿ ಬಸ್ಸಿನಲ್ಲಿ ಅವನ ಪಕ್ಕಕ್ಕೆ ಬಂದು ಕೂತವಳು ಗುತ್ಯಮ್ಮ. ಮಂಡಿನೋವು ತೋರಿಸಲು ಅವಳೂ ಅದೇ ಡಾಕ್ಟರ ಹತ್ತಿರ ಹೊರಟಿದ್ದಳು. ಕಂಡಕ್ಟರ್ ದೀಪಕ್, ಮೊನ್ನೆಯಷ್ಟೇ ಮೂರು ನಿಮಿಷಕ್ಕಾಗಿ ಭೂತಪ್ಪನ ಡೈರಿಗೆ ಏರಿದವನು. ಪೊಟ್ಟಣ ಎಸೆಯಲು ಕಿಟಕಿಯ ಗಾಜು ಸರಿಸಿದರೆ ಗುತ್ಯಮ್ಮ ಚಳಿ ಎಂದು ಮುಚ್ಚುತ್ತಿದ್ದಳು. ಎರಡು ಸಲ ಸರಿಸಿದ, ಎರಡು ಸಲವೂ ಮುಚ್ಚಿದಳು.

ಹುಂಚ ದಾಟುವಷ್ಟರಲ್ಲಿ ಭೂತಪ್ಪನ ಹೊಟ್ಟೆಯೊಳಗೆ ಲಾರಿಯೊಂದು ಘಾಟಿ ಹತ್ತತೊಡಗಿತು. ಅವನು ಕಣ್ಣು ಮುಚ್ಚಿದ, ಮನೆದೇವರನ್ನು ನೆನೆದ, ಕಾಲ ಮೇಲೆ ಕಾಲು ಹಾಕಿದ, ತೆಗೆದ. ಕೊನೆಗೆ ಸೀಟು ಹಿಡಿದುಕೊಂಡು ಬಾಗಿಲ ಹತ್ತಿರ ಹೋಗಿ ದೀಪಕನ ಕಿವಿಯಲ್ಲಿ ಹೇಳಿದ.

ದೀಪಕ್ ಅವನ ಮುಖವನ್ನೊಮ್ಮೆ ನೋಡಿದ. ಸೇಡಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆದರೆ ಅವನು ಸೀಟಿ ಊದಿದ. ಬಸ್ಸು ನಿಂತಿತು. ಭೂತಪ್ಪ ನೀರಿನ ಬಾಟಲಿ ಹಿಡಿದು ಲಂಟಾನದ ಪೊದೆಯ ಹಿಂದಕ್ಕೆ ಓಡಿದ. ಬಸ್ಸಿನಲ್ಲಿದ್ದವರೆಲ್ಲ ಮರ್ಯಾದೆಯಿಂದ ಇನ್ನೊಂದು ಬದಿಯ ಕಿಟಕಿಯತ್ತ ತಿರುಗಿ ಕೂತರು. ಅವರು ನಕ್ಕಿದ್ದರೆ ಭೂತಪ್ಪನಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಪೊದೆಯ ಹಿಂದೆ ಕೂತಾಗಲೂ ಅವನ ಕಣ್ಣು ಅಭ್ಯಾಸಬಲದಿಂದ ಕೈಗಡಿಯಾರದ ಮೇಲೇ ಇತ್ತು. ಐದು ನಿಮಿಷವಾಯಿತು.

ತಿರುಗಿ ಬಂದು ನೋಡಿದರೆ ಬಸ್ಸಿನಲ್ಲಿ ಒಂದು ತಲೆಯೂ ಕಾಣಲಿಲ್ಲ. ಎಲ್ಲರೂ ಬಗ್ಗಿ ಸೀಟಿನ ಕೆಳಗೆ ಏನನ್ನೋ ಹುಡುಕುತ್ತಿದ್ದರು. ಎದುರಿನಿಂದ ಬಂದ ಟಿಪ್ಪರಿಗೆ ದಾರಿ ಬಿಡಲು ಡ್ರೈವರ್ ಬಸ್ಸನ್ನು ಬದಿಗೆ ಎಳೆದಾಗ ಗುತ್ಯಮ್ಮನ ಮಡಿಲಲ್ಲಿ ಅವನು ಬಿಟ್ಟುಹೋಗಿದ್ದ ಬ್ಯಾಗು ಬಿದ್ದು, ಪೊಟ್ಟಣ ಒಡೆದು, ಮಾತ್ರೆಗಳು ಡ್ರೈವರ್ ಸೀಟಿನಿಂದ ಹಿಂದಿನ ಬಾಗಿಲವರೆಗೆ ಉರುಳಿದ್ದವು. ಜನ ಒಂದೊಂದನ್ನೇ ಹೆಕ್ಕಿ, ಊದಿ, ಸೆರಗಿನಲ್ಲಿ ಒರೆಸಿ, ಪ್ರಸಾದ ಕೊಟ್ಟ ಹಾಗೆ ಅವನ ಅಂಗೈಗೆ ಹಾಕಿದರು.

"ಇಷ್ಟೆಲ್ಲ ನಿಂದೇನಾ ತಮ್ಮ? ಬರೀ ಕಲ್ಲು ಅಂದಿದ್ಯಲ್ಲ," ಎಂದಳು ಗುತ್ಯಮ್ಮ.

ಹಿಂದಿನ ಸೀಟಿನ ಹೆಂಗಸೊಬ್ಬಳು, ತನ್ನ ಭಾವನಿಗೆ ದೊಡ್ಡ ಕಾಯಿಲೆ ಬಂದಾಗಲೂ ಇಷ್ಟು ಮಾತ್ರೆ ಕೊಟ್ಟಿರಲಿಲ್ಲ ಎಂದು ಮೆಲ್ಲಗೆ ಹೇಳಿದಳು. ಬಸ್ಸಿನವರೆಲ್ಲ ಅವನತ್ತ ಕನಿಕರದಿಂದ ನೋಡಿದರು. ಭೂತಪ್ಪ ಆಗಲೇ ನಿಜ ಹೇಳಬಹುದಿತ್ತು. ಆದರೆ ಮಾತ್ರೆ ತಿನ್ನದ ಸುಳ್ಳುಗಾರನಾಗುವುದಕ್ಕಿಂತ ಕಾಯಿಲೆಯವನಾಗುವುದೇ ಮೇಲೆಂದು ಅವನಿಗೆ ಆ ಕ್ಷಣಕ್ಕೆ ತೋರಿತು. ತಲೆ ತಗ್ಗಿಸಿ ಸುಮ್ಮನೆ ಕೂತ. ಕೋಣಂದೂರಿನಲ್ಲಿ ಹೋಟೆಲೊಂದರ ಹಿಂದಕ್ಕೆ ಎರಡನೆಯ ಸಲ ಓಡಿದಾಗ ಯಾರೂ ಗೊಣಗಲಿಲ್ಲ. ಬಸ್ಸು ಹನ್ನೊಂದು ನಿಮಿಷ ತಡವಾಗಿ ತೀರ್ಥಹಳ್ಳಿ ತಲುಪಿತು. ಇಳಿಯುವಾಗ ದೀಪಕ್ ಅವನ ರಟ್ಟೆ ಹಿಡಿದು ಇಳಿಸಿದ.

ಸ್ಕ್ಯಾನ್ ಆಯಿತು, ರಕ್ತ ಕೊಟ್ಟದ್ದಾಯಿತು. ಮಧ್ಯಾಹ್ನ ಡಾಕ್ಟರಮ್ಮ ಕರೆದಾಗ ಗುತ್ಯಮ್ಮ ಅವನನ್ನು ಒಬ್ಬನೇ ಬಿಡಲು ಒಪ್ಪದೆ ಜೊತೆಗೇ ಒಳಗೆ ಬಂದಳು. ಡಾಕ್ಟರಮ್ಮ ಹದಿನೆಂಟು ಖಾಲಿ ಶೀಟುಗಳನ್ನು ಮೇಜಿನ ಮೇಲೆ ಹರಡಿ ನೋಡಿ ಬಹಳ ಸಂತೋಷಪಟ್ಟರು. ಇಷ್ಟು ಶಿಸ್ತಿನ ರೋಗಿಯನ್ನು ತಾವು ನೋಡಿಯೇ ಇಲ್ಲ ಎಂದರು. ನರ್ಸನ್ನೂ ಕರೆದು ತೋರಿಸಿದರು. ಭೂತಪ್ಪ ಮೇಜಿನ ಕಾಲನ್ನೇ ನೋಡುತ್ತಾ ನಿಂತಿದ್ದ.

ಆಮೇಲೆ ರಿಪೋರ್ಟ್ ಬಿಡಿಸಿದರು. ಮುಖದ ನಗು ನಿಧಾನವಾಗಿ ಮಾಯವಾಯಿತು.

"ಭೂತಪ್ಪನವರೆ, ಕಲ್ಲು ಒಂದಿಷ್ಟೂ ಕರಗಿಲ್ಲ. ಲಿವರ್ ಟೆಸ್ಟೂ ಹಾಗೇ ಇದೆ. ಇಷ್ಟು ಸರಿಯಾಗಿ ತಗೊಂಡೂ ಹೀಗಿದೆ ಅಂದ್ರೆ, ಈ ಮಾತ್ರೆ ನಿಮಗೆ ಕೆಲಸ ಮಾಡ್ತಾ ಇಲ್ಲ. ಇನ್ನು ಕಾಯೋದು ಬೇಡ. ಆಪರೇಷನ್ ಮಾಡಿ ಪಿತ್ತಕೋಶ ತೆಗೆಸಿಬಿಡೋಣ."

ಅವರು ಆಪರೇಷನ್ ಮಾಡುವ ಡಾಕ್ಟರಿಗೆ ಫೋನು ಮಾಡಲು ಕೈ ಚಾಚಿದರು. ಭೂತಪ್ಪ ಹೊಟ್ಟೆ ಕೊಯ್ಯುವುದೋ ಮಾನ ಕೊಯ್ಯುವುದೋ ಎಂದು ಎರಡು ಕ್ಷಣ ತೂಗಿ ನೋಡಿದ.

"ಮೇಡಂ, ನಾನು ಮಾತ್ರೆ ತಿಂದಿಲ್ಲ," ಎಂದ.

ಒಮ್ಮೆ ಬಾಯಿ ತೆರೆದ ಮೇಲೆ ಎಲ್ಲವೂ ಬಂತು. ಟ್ರಂಕು, ಬಚ್ಚಲುಮನೆ, ಬೆಳಗಿನ ಆರು ಮಾತ್ರೆ, ಲಂಟಾನದ ಪೊದೆ, ಒಂದನ್ನೂ ಬಿಡಲಿಲ್ಲ. ಬ್ಯಾಗಿನಿಂದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ. ಗುತ್ಯಮ್ಮ ಬಾಯಿಗೆ ಸೆರಗು ಹಿಡಿದು ಕೇಳುತ್ತಿದ್ದಳು. ಅವಳಿಗೆ ಮಾಡಿದ ಅರ್ಧ ಗಂಟೆಯ ಉಪದೇಶ ಇಬ್ಬರಿಗೂ ಒಟ್ಟಿಗೇ ನೆನಪಾಯಿತು.

ಡಾಕ್ಟರಮ್ಮ ಜೋರು ಮಾಡಲಿಲ್ಲ. ಪೊಟ್ಟಣ ಬಿಡಿಸಿದರು. ಬಸ್ಸಿನ ಜನ ಸಿಕ್ಕಿದ್ದೆಲ್ಲವನ್ನೂ ಹೆಕ್ಕಿ ಕೊಟ್ಟಿದ್ದರಿಂದ ಅದರಲ್ಲಿ ಎರಡು ಹಳದಿ ಮಾತ್ರೆ, ಒಂದು ಗುಲಾಬಿ ಮಾತ್ರೆ ಮತ್ತು ಅರ್ಧ ಪೆಪ್ಪರಮಿಂಟು ಇದ್ದವು. ಬಿಳಿಯವುಗಳಲ್ಲೂ ಯಾವುದು ಅವನದು, ಯಾವುದು ಬೇರೆಯವರದು ಎಂದು ಕೇಳಿದರು. ಅವನಿಗೆ ಗೊತ್ತಾಗಲಿಲ್ಲ. ಶೀಟಿನಿಂದ ಬಿಡಿಸಿಟ್ಟ ಮಾತ್ರೆಗೆ ಹೆಸರೂ ಇಲ್ಲ, ತಾರೀಕೂ ಇಲ್ಲ ಎಂದು ಅದನ್ನು ನರ್ಸಿನ ಕೈಗೆ ಕೊಟ್ಟು ಆಚೆ ಸಾಗಿಸಿದರು.

"ನೀವು ಸುಳ್ಳು ಹೇಳಿದ್ರೆ ನಾನು ತಪ್ಪು ಔಷಧಿ ಕೊಡ್ತೀನಿ. ಇವತ್ತು ಸುಮ್ಮನಿದ್ದಿದ್ರೆ ಬೇಕೋ ಬೇಡವೋ ಗೊತ್ತಿಲ್ಲದ ಆಪರೇಷನ್ ಆಗಿಹೋಗ್ತಿತ್ತು," ಎಂದರು. ಆರು ಒಟ್ಟಿಗೆ ನುಂಗಿದ್ದಕ್ಕೆ ಭೇದಿಯಷ್ಟೇ ಆದದ್ದು ಪುಣ್ಯ, ಚೆನ್ನಾಗಿ ನೀರು ಕುಡಿಯಿರಿ ಎಂದೂ ಹೇಳಿದರು. ಹೊಸದಾಗಿ ಚೀಟಿ ಬರೆದರು. ನಾಳೆಯಿಂದ ಊಟವಾದ ಮೇಲೆ, ದಿನಕ್ಕೆ ಎರಡೇ, ಆರು ತಿಂಗಳು. ಮಧ್ಯೆ ಬಂದು ಸ್ಕ್ಯಾನ್ ಮಾಡಿಸಬೇಕು. ಆಮೇಲೆ ನೋಡಿ ತೀರ್ಮಾನ.

ಹೊರಗೆ ಬಂದ ಭೂತಪ್ಪ ಗುತ್ಯಮ್ಮನ ಎರಡೂ ಕೈ ಹಿಡಿದುಕೊಂಡು, ಒಳಗೆ ನಡೆದದ್ದನ್ನು ಹೊಸನಗರದಲ್ಲಿ ಒಂದು ನರಪಿಳ್ಳೆಗೂ ಹೇಳಬಾರದೆಂದು ಬೇಡಿಕೊಂಡ. ಅವಳು ಕನಿಕರದಿಂದ ಮನೆದೇವರ ಮೇಲೆ ಆಣೆ ಹಾಕಿದಳು.

ಸಂಜೆ ಐದಕ್ಕೆ ಇಬ್ಬರೂ ಹೊಸನಗರದಲ್ಲಿ ಇಳಿದಾಗ ಸ್ಟ್ಯಾಂಡಿನಲ್ಲಿ ಡ್ರೈವರುಗಳು, ಕಂಡಕ್ಟರುಗಳು ಗುಂಪಾಗಿ ನಿಂತಿದ್ದರು. ಯಾರೂ ನಗುತ್ತಿರಲಿಲ್ಲ. ಅವರಿಗಿಂತ ಮೊದಲೇ ವಾಪಸ್ಸಾಗಿದ್ದ ದೀಪಕ್ ಭೂತಪ್ಪನ ಕುರ್ಚಿಯಲ್ಲಿ ಕೂತಿದ್ದ, ಡೈರಿ ಅವನ ತೊಡೆಯ ಮೇಲಿತ್ತು. ಬಸ್ ಮಾಲೀಕರ ಸಂಘದ ಕಾರ್ಯದರ್ಶಿ ಗಣೇಶಮೂರ್ತಿ ಮುಂದೆ ಬಂದು ಭೂತಪ್ಪನ ಹೆಗಲ ಮೇಲೆ ಕೈಯಿಟ್ಟರು.

"ನೀನು ಎಂತದೂ ಹೇಳ್ಬೇಡ ಭೂತಪ್ಪ. ದೀಪಕ್ ಎಲ್ಲ ಹೇಳಿದ್ದಾನೆ. ಆರು ತಿಂಗಳು ಆರಾಮಾಗಿ ಮನೇಲಿರು. ಇಲ್ಲಿದು ಅವನು ನೋಡ್ಕೊಳ್ತಾನೆ. ಆಮೇಲಿಂದು ಆಮೇಲೆ ನೋಡೋಣ."

ಆಮೇಲಿನದು ಇರುವುದೇ ಅನುಮಾನ ಎನ್ನುವ ಹಾಗಿತ್ತು ಆ ದನಿ. ಭೂತಪ್ಪನಿಗೆ ತನ್ನ ಕೆಲಸವೇ ಹೋಗುತ್ತಿದೆ ಎಂದು ಅರ್ಥವಾಯಿತು. ಬೆಳಿಗ್ಗೆ ಬಸ್ಸಿನಲ್ಲಿ ತಲೆ ತಗ್ಗಿಸಿ ಕೂತದ್ದರ ಫಲ ಇದು. ಮಾನ ಒಮ್ಮೆ ಹೋಗಿಯಾಗಿದೆ, ಇನ್ನೊಮ್ಮೆ ಹೋದರೆ ಹೋಗಲಿ ಎಂದುಕೊಂಡು, ಅಷ್ಟೂ ಜನರ ಎದುರು ಮತ್ತೊಮ್ಮೆ ಮೊದಲಿನಿಂದ ಎಲ್ಲ ಹೇಳಿದ. ತನಗೆ ದೊಡ್ಡ ಕಾಯಿಲೆ ಏನೂ ಇಲ್ಲ, ಎರಡು ತಿಂಗಳಿಗೂ ಹೆಚ್ಚು ಮಾತ್ರೆ ತಿನ್ನದೆ ಸುಳ್ಳು ಹೇಳಿದ್ದೆ, ಆ ಮಾತ್ರೆಗಳೇ ಬಸ್ಸಿನಲ್ಲಿ ಚೆಲ್ಲಿದ್ದು ಎಂದ. ಹೇಳಿ ಮುಗಿಸುವಾಗ ಅವನ ಕಿವಿಯವರೆಗೂ ಬಿಸಿಯೇರಿತ್ತು.

ಸಾಗರದ ಬಸ್ಸಿನ ಮುದುಕ ಡ್ರೈವರ್ ನಿಂಗಪ್ಪ ಕಣ್ಣೊರೆಸಿಕೊಂಡ.

"ನಮ್ಮಪ್ಪನೂ ಕೊನೆಗೆ ಹಿಂಗೇ ಹೇಳ್ತಿದ್ದ. ನಂಗೆ ಎಂತದೂ ಇಲ್ಲ, ನಂಗೆ ಎಂತದೂ ಇಲ್ಲ ಅಂತ."

ದೀಪಕ್ ಕುರ್ಚಿಯಿಂದ ಎದ್ದು ನಿಂತು, ಇಪ್ಪತ್ತೆರಡು ವರ್ಷದಲ್ಲಿ ಒಂದು ನಿಮಿಷ ಆಚೀಚೆ ಆಗಲು ಬಿಡದ ಮನುಷ್ಯ ಮಾತ್ರೆ ತಪ್ಪಿಸುತ್ತಾನೆಂದರೆ ಯಾರು ನಂಬುತ್ತಾರೆ, ನಮಗೆ ಬೇಜಾರಾಗಬಾರದೆಂದು ಹೀಗೆ ಹೇಳುತ್ತಿದ್ದಾರೆ ಎಂದ. ಹೌದು ಹೌದೆಂದು ಎಲ್ಲರೂ ತಲೆಯಾಡಿಸಿದರು.

ಭೂತಪ್ಪನಿಗೆ ಉಳಿದಿದ್ದ ಸಾಕ್ಷಿ ಒಂದೇ. ಅವನು ತಿರುಗಿ, "ಗುತ್ಯಕ್ಕ, ಡಾಕ್ಟ್ರು ಎಂತ ಹೇಳಿದ್ರು ಅಂತ ಇವ್ರಿಗೆ ಹೇಳು," ಎಂದ.

ಗುತ್ಯಮ್ಮ ಅವನನ್ನು ನೋಡಿದಳು, ಗುಂಪನ್ನು ನೋಡಿದಳು. ಮನೆದೇವರ ಮೇಲೆ ಹಾಕಿದ ಆಣೆ ಅವಳಿಗೆ ನೆನಪಾಯಿತು. ಜನರೆದುರು ಅವನ ಮಾನ ಉಳಿಸಬೇಕಾದ ಗಳಿಗೆ ಇದೇ ಎಂದು ಅವಳಿಗೆ ಅನ್ನಿಸಿತು.

"ಡಾಕ್ಟ್ರು ಹೇಳಿದ್ದನ್ನ ನಾ ಯಾರಿಗೂ ಹೇಳೂದಿಲ್ಲ ತಮ್ಮ. ನೀನೇ ಬೇಡ ಅಂದಿದ್ಯಲ್ಲ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಲ್ಲಿಗೆ ಎಲ್ಲ ತೀರ್ಮಾನವಾಯಿತು. ಗಣೇಶಮೂರ್ತಿ ಆಟೋ ಕರೆಸಿದರು. ತಾನೇ ಹತ್ತುತ್ತೇನೆಂದು ಭೂತಪ್ಪ ಎಷ್ಟು ಹೇಳಿದರೂ ಕೇಳದೆ ಇಬ್ಬರು ಕ್ಲೀನರುಗಳು ಅವನನ್ನು ಎತ್ತಿ ಕೂರಿಸಿ, ಗುಂಡಿ ತಪ್ಪಿಸಿ ಓಡಿಸಬೇಕೆಂದು ಆಟೋದವನಿಗೆ ತಾಕೀತು ಮಾಡಿ, ತಾವೂ ಅಕ್ಕಪಕ್ಕ ಕೂತರು.

ಮನೆಯ ಮುಂದೆ ಆಟೋ ನಿಂತಾಗ ಜಲಜಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದಳು. ಬೆಳಿಗ್ಗೆ ಕಾಲ್ನಡಿಗೆಯಲ್ಲಿ ಹೋದ ಗಂಡನನ್ನು ಇಬ್ಬರು ಹೊತ್ತು ಇಳಿಸುವುದನ್ನು ನೋಡಿದಳು. ಕಿರುಚಲಿಲ್ಲ, ಓಡಿ ಬರಲಿಲ್ಲ. ಇವನು ಏನು ಮಾಡಿಕೊಂಡು ಬಂದಿದ್ದಾನೆಂದು ಕಣ್ಣು ಕಿರಿದು ಮಾಡಿ ಕಾಯುತ್ತಾ ನಿಂತಳು.

ಭೂತಪ್ಪ ಅದೇ ಕತೆಯನ್ನು ಇನ್ನು ಮೂರನೆಯ ಸಲ ಹೇಳಬೇಕಾಗಿತ್ತು. ಸ್ಟ್ಯಾಂಡಿನಲ್ಲಿ ಅಷ್ಟು ಜನರಲ್ಲಿ ಒಬ್ಬರೂ ನಂಬಿರಲಿಲ್ಲ. ಜಲಜಮ್ಮ ಮಾತ್ರ ಮೊದಲ ಮಾತಿಗೇ ನಂಬಿಬಿಡುತ್ತಾಳೆ ಎನ್ನುವುದು ಅವನಿಗೆ ಗೊತ್ತಿತ್ತು. ಅವನು ಕ್ಲೀನರುಗಳ ಹೆಗಲನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡ.