ದೆವ್ವ ಹೊಕ್ಕ ಬೀರು

ಲೈಕಿನ ಹುಚ್ಚು ಹಿಡಿದವರ ಹುಚ್ಚು ಬಿಡಿಸಲು ಹುಟ್ಟಿಬಂದವನು ತಾನೇ ಎಂದು ಬಡಗಿ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಘೋಷಿಸಿದ. ಅಸ್ತ್ರ: ಫೋನಿನಲ್ಲಿ, ಲೈವ್ ಆಗಿ, ಒಂದು ದೆವ್ವದ ಸಿನಿಮಾ. ಮೂರು ಹೊತ್ತೂ ಲೈಕು ಎಣಿಸುವ ಒಬ್ಬನನ್ನು ಬೀರುವಿನಿಂದ ಹೊರಟ ದೆವ್ವ ಒಳಗೆಳೆದುಕೊಳ್ಳುತ್ತದೆ. ಲೋಕ ನೋಡಿ ನಾಚಬೇಕು, ಅಷ್ಟೆ.

"ದೆವ್ವ ಯಾರು?" ಹೆಂಡತಿ ಕೇಳಿದಳು.

"ನಿಮ್ಮಮ್ಮ."

"ಮೇಕಪ್ಪು?"

ಬಡಗಿ ಹತ್ತು ವರ್ಷ ಸಂಸಾರ ಮಾಡಿದವನು. "ತುಂಬಾನೇ ಬೇಕಾಗುತ್ತೆ" ಎಂದ.

"ನಾಲ್ಕಕ್ಕೆ ಹಾಸ್ಟೆಲ್ ಮ್ಯಾನೇಜರು ಬರ್ತಾರೆ, ನೆನಪಿದೆಯಾ? ಅರವತ್ತು ಬೀರುವಿನ ಆರ್ಡರು ರೀ. ಕೈ ತಪ್ಪಿದ್ರೆ ವರ್ಷಪೂರ್ತಿ ಸ್ಟೂಲಿನ ಕಾಲು ರಿಪೇರಿ ಮಾಡ್ಕೊಂಡಿರ್ಬೇಕು."

"ಅವರಿಗೂ ಲಿಂಕ್ ಕಳಿಸಿದ್ದೀನಿ. ನನ್ನ ಬೀರು ನೋಡಿದ ಹಾಗೂ ಆಯ್ತು."

ಅಂಗಡಿಯ ಬೋರ್ಡಿನ ಮೇಲೆ ‘ಮುಂದೆಯೂ ಮರ, ಹಿಂದೆಯೂ ಮರ’ ಎಂದಿತ್ತು. ಗಿರಾಕಿಗಳ ಬೀರುವಿನ ಮಟ್ಟಿಗೆ ಅದು ನಿಜವೇ. ಸ್ವಂತ ಮನೆಯದಕ್ಕೆ ಮಾತ್ರ ಮರ ಸಾಲದೆ, ಫ್ರಿಜ್ ಬಂದಿದ್ದ ರಟ್ಟಿನ ಪೆಟ್ಟಿಗೆ ಕತ್ತರಿಸಿ ಬೆನ್ನಿಗೆ ಬಡಿದು ಗೋಡೆಗೆ ಒತ್ತಿ ನಿಲ್ಲಿಸಿದ್ದ. ಆ ಗುಟ್ಟು ಗೊತ್ತಿದ್ದದ್ದು ಅವನಿಗೆ ಮತ್ತು ಗೋಡೆಗೆ ಮಾತ್ರ.

ಮೂರೂವರೆಗೆ ಸ್ಟ್ಯಾಂಡಿನ ಮೇಲೆ ಫೋನ್ ಕೂತಿತು. ಮುಖಕ್ಕೆ ಅರ್ಧ ಡಬ್ಬಿ ಪೌಡರ್ ಬಳಿದುಕೊಂಡ ಅತ್ತೆ ಬೀರು ಹೊಕ್ಕರು. ಬಡಗಿ ಬಾಗಿಲು ದೂಡಿದ. ಅದು ಗಟ್ಟಿಯಾಗಿ ಕಚ್ಚಿಕೊಂಡಿತು. ಎಳೆದರೆ, ಎರಡು ವರ್ಷದಿಂದ ‘ನಾಳೆ ಬಿಗಿ ಮಾಡ್ತೀನಿ’ ಎನ್ನುತ್ತಿದ್ದ ಹಿಡಿ ಕೈಗೇ ಬಂತು.

"ಅಳಿಯಂದಿರೇ, ಬಾಗಿಲು ತೆಗೀರಿ." ದಬ ದಬ ದಬ.

ಹನ್ನೆರಡಿದ್ದ ವೀಕ್ಷಕರು ಇನ್ನೂರಾದರು. ‘ಆಹಾ, ಎಂಥಾ ನಟನೆ’ ಎಂದೊಬ್ಬರು ಬರೆದರು. ಫೋನ್ ಆರಿಸಿ, ಬೀರು ತಿರುಗಿಸಿ, ರಟ್ಟು ಕಿತ್ತರೆ ಒಂದು ನಿಮಿಷದ ಕೆಲಸ. ಆದರೆ ಇನ್ನೂರು ಐನೂರಾಗುತ್ತಿರುವಾಗ ಫೋನ್ ಆರಿಸುವ ಗಂಡೆದೆ ಯಾರಿಗಿದೆ?

"ಅತ್ತೆ, ಇನ್ನೊಂಚೂರು ಜೋರಾಗಿ ಬಡೀರಿ" ಎಂದು ಪಿಸುಗುಟ್ಟಿದ.

ಒಳಗಿನಿಂದ ಅತ್ತೆಯ ಪ್ರಶ್ನೆ ಬಂತು: "ಎಷ್ಟು ಜನ ನೋಡ್ತಿದ್ದಾರೆ?"

"ಒಂಬೈನೂರು."

"ಮೊದಲೇ ಹೇಳ್ಬಾರ್ದಾ?" ಎಂದ ಅತ್ತೆ ಚೀರಿದ ಚೀರಿಗೆ ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದಳು.

"ಹಿಡಿ ಎಲ್ರೀ?"

"ಇಲ್ಲಿ, ನನ್ನ ಕೈಲಿ."

ಹಿಂದಿನ ಹಲಗೆ ಕಿತ್ತಾದರೂ ಅಮ್ಮನನ್ನು ಬಿಡಿಸೋಣವೆಂದು ಅವಳು ಸೀರೆ ಬಿಗಿದು ಬೀರುವನ್ನೇ ಗರ್ರನೆ ತಿರುಗಿಸಿದಳು. "ಹಿಂದುಗಡೆ ಬೇಡ ಕಣೇ" ಎನ್ನುವಷ್ಟರಲ್ಲಿ ರಟ್ಟಿನ ಮೇಲಿನ ದಪ್ಪ ಅಕ್ಷರ ಇಡೀ ಜಗತ್ತಿಗೆ ಕಂಡಿತ್ತು: ‘ಎಚ್ಚರಿಕೆ. ಒಡೆಯುವ ವಸ್ತು.’ ಒಡೆಯುವ ವಸ್ತು ಒಂದೇ ಗುದ್ದಿಗೆ ರಟ್ಟು ಒಡೆದುಕೊಂಡು ಹೊರಬಂತು. ಗುಟ್ಟೇ ರಟ್ಟಿನದಾದ ಮೇಲೆ ರಟ್ಟಾಗದೆ ಇರುತ್ತದೆಯೇ?

ಅಷ್ಟರಲ್ಲಿ ಕರೆಗಂಟೆ. "ಲೈವ್ ನೋಡ್ಕೊಂಡೇ ಬಂದೆ" ಎಂಬ ಮ್ಯಾನೇಜರರ ದನಿ. ಬಡಗಿಗೆ ಬೇರೆ ದಾರಿ ತೋಚದೆ, ಅತ್ತೆ ಬಂದ ತೂತಿನಲ್ಲೇ ಬೀರು ಹೊಕ್ಕ.

ಮ್ಯಾನೇಜರು ಬಗ್ಗಿ ನೋಡಿದರು. "ಮುಂದೆ ಮರ ಇದೆ, ಹಿಂದೆ ನೀವಿದ್ದೀರಿ. ಸರಿ, ಅರವತ್ತು ಬೀರುವಿಗೂ ಹೀಗೇ ನಿಲ್ತೀರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿದರು.

ಅತ್ತೆ ಆಗಲೇ ಫೋನ್ ಎತ್ತಿಕೊಂಡು ತೂತಿಗೆ ಹಿಡಿದಿದ್ದರು.

"ಅಳಿಯಂದಿರೇ, ಒಂಚೂರು ಚೀರಿ. ಸಾವಿರಕ್ಕೆ ಇನ್ನು ಹತ್ತೇ ಜನ ಬೇಕು."